ಆರ್‌ಸಿ ವಿಮಾನಗಳ ಬಗ್ಗೆ ಕನ್ನಡದಲ್ಲಿ ಬರೆಯುವಾಗ ಯಾವ ಪದ, ಯಾವ ಕಾಗುಣಿತ?

ಕಾಲೇಜಿನ ವಾರ್ಷಿಕ ಸಂಚಿಕೆಗೆ ರೇಡಿಯೊ ನಿಯಂತ್ರಿತ ಮಾದರಿ ವಿಮಾನಗಳ ಬಗ್ಗೆ ಬರೆಯುತ್ತಿದ್ದೀರಿ, ಪದಗಳನ್ನೆಲ್ಲ ಕನ್ನಡಿಸಬೇಕೋ ಅಥವಾ ಇಂಗ್ಲಿಷಿನವನ್ನೇ ಕನ್ನಡ ಲಿಪಿಯಲ್ಲಿ ಇಳಿಸಬೇಕೋ ಎಂದು ಕೇಳಿದ್ದೀರಿ. ನಾನು ಇಂಥ ವಿಮಾನ ಕಟ್ಟಿ ಹಾರಿಸುವವನು, ಹೊಸದಾಗಿ ಬರುವ ಹುಡುಗರಿಗೆ ಕನ್ನಡದಲ್ಲಿ ಟಿಪ್ಪಣಿ ಬರೆದುಕೊಡುವವನು. ನನ್ನ ಲೆಕ್ಕ ಸರಳ. ಓದಿದವನು ಅಂಗಡಿಯಲ್ಲಿ ಆ ಹೆಸರು ಹೇಳಿದರೆ ಬೇಕಾದ ವಸ್ತು ಸಿಗಬೇಕು. ಮೈದಾನದಲ್ಲಿ ಆ ಮಾತು ಕಿವಿಗೆ ಬಿದ್ದರೆ ಕೈ ಸರಿಯಾದ ಕಡೆಗೆ ಹೋಗಬೇಕು.

ಕಣ್ಣಿಗೆ ಕಾಣುವ ಭಾಗಗಳಿಗೆ ಕನ್ನಡ ಧಾರಾಳವಾಗಿ ಸಾಕು: ರೆಕ್ಕೆ, ಬಾಲ, ಮೂತಿ, ಚಕ್ರ. ಫ್ಯೂಸಲಾಜ್ ಎಂದು ಬರೆದು ಅದರ ಕಾಗುಣಿತಕ್ಕೆ ತಲೆ ಕೆಡಿಸಿಕೊಳ್ಳುವ ಬದಲು ‘ಒಡಲು’ ಎಂದರೆ ಮುಗಿಯಿತು. ಒಂದು ತುದಿಯಿಂದ ಇನ್ನೊಂದು ತುದಿಯವರೆಗಿನ ಅಳತೆಗೆ ‘ರೆಕ್ಕೆಯ ಹರವು’ ಎನ್ನಿ. ಗುರುತ್ವ ಕೇಂದ್ರ ಎಂಬ ಪದ ಶಾಲೆಯ ಪಠ್ಯದಲ್ಲೇ ಇದೆ. ಮೈದಾನದಲ್ಲಿ ಅದನ್ನೇ ಸಿಜಿ ಎನ್ನುತ್ತಾರೆ ಎಂದು ಒಮ್ಮೆ ಹೇಳಿಬಿಡಿ. ಅಂಗಡಿಯಲ್ಲಿ ಕೊಳ್ಳುವ ಸಾಮಾನಿಗೆ ಮಾತ್ರ ಇರುವ ಹೆಸರನ್ನೇ ಉಳಿಸಿಕೊಳ್ಳಬೇಕು: ಸರ್ವೊ (ರೆಕ್ಕೆ, ಬಾಲದ ಚಲಿಸುವ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರು), ರಿಸೀವರ್ (ವಿಮಾನದಲ್ಲಿ ಸಂಕೇತ ಹಿಡಿಯುವ ಸಾಧನ), ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸಾಧನ), ಲಿಪೊ ಬ್ಯಾಟರಿ (ಲಿಥಿಯಂ ಪಾಲಿಮರ್), ಹಗುರವಾದ ಬಾಲ್ಸಾ ಮರ. ಸರ್ವೊಗೆ ‘ಅನುಚಾಲಕ ಯಂತ್ರ’ ಎಂದು ಹೊಸೆದರೆ ನಿಮ್ಮ ಕನ್ನಡಾಭಿಮಾನ ಗೊತ್ತಾಗುತ್ತದೆ, ಸರ್ವೊ ಯಾವುದೆಂದು ಗೊತ್ತಾಗುವುದಿಲ್ಲ.

ಬಾಲದ ನೆಟ್ಟಗಿನ ಭಾಗದಲ್ಲಿ ಎಡಕ್ಕೆ, ಬಲಕ್ಕೆ ಆಡುವ ಪಟ್ಟಿಯಾದ ರಡ್ಡರ್ ಅನ್ನು ಚುಕ್ಕಾಣಿ ಎಂದು ಬರೆಯುವವರಿದ್ದಾರೆ. ದೋಣಿಗೆ ಅದು ಸರಿಯಾದ ಪದ. ಆದರೆ ಚುಕ್ಕಾಣಿ ಎಂದೊಡನೆ ದಿಕ್ಕು ತಿರುಗಿಸುವ ಕೆಲಸವೆಲ್ಲ ಅದರದೇ ಎಂದು ಓದುಗ ತಿಳಿಯುತ್ತಾನೆ. ವಿಮಾನ ಸಾಮಾನ್ಯವಾಗಿ ತಿರುಗುವುದು ಏಲರಾನ್‌ನಿಂದ, ಅಂದರೆ ರೆಕ್ಕೆಯ ಹಿಂಬದಿಯ ಚಲಿಸುವ ಪಟ್ಟಿಯಿಂದ, ಒಂದು ಮಗ್ಗುಲಿಗೆ ವಾಲಿಕೊಂಡು. ರಡ್ಡರ್ ಅದಕ್ಕೆ ಜೊತೆ ಕೊಡುತ್ತದೆ. ಇನ್ನು ಏಲರಾನ್‌ನ ಕಾಗುಣಿತ: ಐಲೆರಾನ್ ಎಂದೂ ಬರೆಯುತ್ತಾರೆ, ಅದಕ್ಕೆ ನನ್ನ ತಕರಾರಿಲ್ಲ. ‘ಎಲರಾನ್’ ಎಂದು ಹ್ರಸ್ವ ಮಾಡಬೇಡಿ, ಏಕೆಂದರೆ ಎಲವಾನ್ ಎಂಬ ಬೇರೆ ಭಾಗವೇ ಇದೆ. ಎಲಿವೇಟರ್ (ಮೂತಿ ಎತ್ತಿಳಿಸುವ, ಬಾಲದ ಪಟ್ಟಿ) ಮತ್ತು ಏಲರಾನ್ ಎರಡರ ಕೆಲಸವನ್ನೂ ಅದೊಂದೇ ಮಾಡುತ್ತದೆ. ಬೆಂಗಳೂರಿನಲ್ಲೇ ತಯಾರಾಗುವ ತೇಜಸ್ ಯುದ್ಧವಿಮಾನದ ತ್ರಿಕೋನ ರೆಕ್ಕೆಯ ಹಿಂಬದಿಯಲ್ಲಿರುವುದು ಈ ಎಲವಾನ್‌ಗಳೇ. ಒಂದಕ್ಷರ ಅತ್ತಿತ್ತ ಆದರೆ ನಿಮ್ಮ ತರಬೇತಿ ವಿಮಾನಕ್ಕೆ ತೇಜಸ್‌ನ ಅಂಗ ಬಂದುಬಿಡುತ್ತದೆ.

ಕಾಗುಣಿತಕ್ಕಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಪರಿಚಿತವಾಗಿ ಕಂಡು ದಾರಿ ತಪ್ಪಿಸುವ ಪದಗಳು. ‘ಸ್ಟಾಲ್’ ಎಂದರೆ ಎಂಜಿನ್ ನಿಂತುಹೋಯಿತು ಎಂದು ಬರೆದದ್ದನ್ನು ಎಷ್ಟೋ ಕಡೆ ಓದಿದ್ದೇನೆ. ಎಂಜಿನ್ ಜೋರಾಗಿ ಓಡುತ್ತಿರುವಾಗಲೇ ವಿಮಾನ ಸ್ಟಾಲ್ ಆಗಬಹುದು. ರೆಕ್ಕೆ ಗಾಳಿಗೆ ಒಡ್ಡಿಕೊಂಡ ಕೋನ ಮಿತಿ ಮೀರಿದಾಗ ಮೇಲ್ಮೈಗೆ ಅಂಟಿ ಹರಿಯುತ್ತಿದ್ದ ಗಾಳಿ ಕಿತ್ತುಹೋಗಿ, ಎತ್ತಿ ಹಿಡಿದಿದ್ದ ಬಲ ಕುಸಿಯುವುದೇ ಸ್ಟಾಲ್. ಇಂಗ್ಲಿಷಿನಲ್ಲಿ ‘ಆಂಗಲ್ ಆಫ್ ಅಟ್ಯಾಕ್’ ಎನ್ನುವ ಈ ಕೋನವನ್ನು ‘ದಾಳಿಯ ಕೋನ’ ಎಂದು ಅನುವಾದಿಸಿ ಯುದ್ಧಕ್ಕೆ ಹೊರಡಬೇಡಿ. ಯಲಹಂಕದ ಏರೋ ಇಂಡಿಯಾ ಬಗ್ಗೆಯೂ ಅದೇ ಲೇಖನದಲ್ಲಿ ಬರೆಯುವುದಾದರೆ ಅಲ್ಲಿನ ಸ್ಟಾಲ್‌ಗಳನ್ನು ಮಳಿಗೆ ಎಂದು ಕರೆದು ಪುಣ್ಯ ಕಟ್ಟಿಕೊಳ್ಳಿ.

ಮೋಟಾರಿನ ಮೇಲೆ ಬರೆದಿರುವ ಕೆವಿ ನಮ್ಮನ್ನು ಬೀಳಿಸುವ ಇನ್ನೊಂದು ಗುಂಡಿ. 1000 ಕೆವಿ ಎಂದರೆ ಸಾವಿರ ಕಿಲೊವೋಲ್ಟ್ ಅಲ್ಲ. ಹೊಲದ ನಡುವೆ ನಿಂತಿರುವ ದೊಡ್ಡ ವಿದ್ಯುತ್ ಗೋಪುರಗಳ ತಂತಿಯಲ್ಲೇ ಸಾಮಾನ್ಯವಾಗಿ ಇರುವುದು 220 ಅಥವಾ 400 ಕಿಲೊವೋಲ್ಟ್! ಇಲ್ಲಿ ಕೆವಿ ಎಂದರೆ ಹೊರೆಯಿಲ್ಲದೆ ತಿರುಗುವಾಗ ಪ್ರತಿ ವೋಲ್ಟ್‌ಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು. 3ಎಸ್ ಲಿಪೊ, ಅಂದರೆ ಸಾಲಾಗಿ ಜೋಡಿಸಿದ ಮೂರು ಕೋಶಗಳ 11.1 ವೋಲ್ಟ್ ಬ್ಯಾಟರಿ ಕೊಟ್ಟರೆ ಆ ಮೋಟಾರು ನಿಮಿಷಕ್ಕೆ ಸುಮಾರು 11,100 ಸುತ್ತು ತಿರುಗುತ್ತದೆ. ಕೆವಿಯನ್ನು ಹಾಗೆಯೇ ಬರೆದು, ಮೊದಲ ಸಲ ಬಂದಾಗ ಈ ಅರ್ಥ ಕೊಡಿ.

ವಿದ್ಯುತ್ತಿನಿಂದ ಓಡುವುದು ಮೋಟಾರು, ಇಂಧನ ಸುಡುವುದು ಎಂಜಿನ್; ಕಲಸಬೇಡಿ. ಗ್ಲೋ ಎಂಜಿನ್ನಿಗೆ ಪೆಟ್ರೋಲ್ ಹಾಕುವುದಿಲ್ಲ, ಅದರ ಇಂಧನ ಮೆಥನಾಲ್, ಎಣ್ಣೆ, ಕೆಲವೊಮ್ಮೆ ನೈಟ್ರೊಮೀಥೇನ್ ಸೇರಿದ ಮಿಶ್ರಣ. ಪ್ರೊಪೆಲ್ಲರನ್ನು ಫ್ಯಾನ್ ಎನ್ನುವುದೂ ಬೇಡ, ಕೊಳವೆಯೊಳಗೆ ತಿರುಗುವ ಡಕ್ಟೆಡ್ ಫ್ಯಾನ್ ಬೇರೆಯೇ ಇದೆ. ಪ್ರೊಪೆಲ್ಲರ್ ಮೇಲೆ 10×4.5 ಎಂದಿದ್ದರೆ ವ್ಯಾಸ 10 ಇಂಚು, ಪಿಚ್ 4.5 ಇಂಚು. ಈ ಪಿಚ್ ಎಂದರೆ ಜಾರಿಕೆಯಿಲ್ಲದೆ ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರ. ವಿಮಾನದ ಮೂತಿ ಮೇಲೆ ಕೆಳಗೆ ಆಗುವುದಕ್ಕೂ ಪಿಚ್ ಎಂದೇ ಹೆಸರು, ನಮ್ಮ ಓದುಗರ ತಲೆಯಲ್ಲಿ ಮೊದಲೇ ಕ್ರಿಕೆಟ್‌ನ ಪಿಚ್ ಕೂತಿದೆ. ಅದಕ್ಕೇ ನಾನು ‘ಮೂತಿ ಎತ್ತುವುದು, ಇಳಿಸುವುದು’ ಎಂದು ಬರೆದು, ಪಿಚ್ ಪದವನ್ನು ಪ್ರೊಪೆಲ್ಲರಿಗೆ ಬಿಟ್ಟುಕೊಡುತ್ತೇನೆ.

ಡ್ರೋನ್ ಎಂದು ಬರೆಯಬಹುದೇ ಎಂಬ ಪ್ರಶ್ನೆಯೂ ನಿಮ್ಮದಿದೆ. 2021ರ ಡ್ರೋನ್ ನಿಯಮಗಳು 25 ಕಿಲೊ ಮೀರದ, ಕಣ್ಣಳತೆಯಲ್ಲೇ ಹಾರಿಸುವ, ಕಲಿಕೆ, ಸಂಶೋಧನೆ ಅಥವಾ ಹವ್ಯಾಸಕ್ಕೆ ಬಳಸುವ ಸಾಧನವನ್ನು ಮಾದರಿ ಎಂಬ ವರ್ಗದಲ್ಲಿ ಗುರುತಿಸುತ್ತವೆ. ಆದ್ದರಿಂದ ‘ಮಾದರಿ ವಿಮಾನ’ ಎಂಬುದಕ್ಕೇ ಗಟ್ಟಿ ನೆಲೆ ಇದೆ. ‘ಆಟಿಕೆ ವಿಮಾನ’ ಎಂದರೆ ಕಟ್ಟಿದವರು ಮುನಿಸಿಕೊಳ್ಳುತ್ತಾರೆ. ‘ರಿಮೋಟ್ ವಿಮಾನ’ ಎಂದರೆ ಟಿವಿ ರಿಮೋಟ್ ನೆನಪಾಗುತ್ತದೆ; ಇಲ್ಲಿ ಕೈಯಲ್ಲಿರುವುದು 2.4 ಗಿಗಾಹರ್ಟ್ಸ್‌ನ ಟ್ರಾನ್ಸ್‌ಮಿಟರ್. ಬೆರಳಚ್ಚಿಸುವಾಗ ಅದರ ಸ್ ಮತ್ತು ಮಿ ನಡುವೆ ಅಕ್ಷರ ಬೇರ್ಪಡಿಸುವ, ಕಣ್ಣಿಗೆ ಕಾಣದ ಗುರುತು (ಜೀರೊ ವಿಡ್ತ್ ನಾನ್ ಜಾಯ್ನರ್) ಹಾಕಿ. ಇಲ್ಲದಿದ್ದರೆ ‘ಟ್ರಾನ್ಸ್ಮಿಟರ್’ ಆಗಿ ಪದದ ನಡುವೆ ಮುಗುಳ್ನಗೆಯ ‘ಸ್ಮಿತ’ದ ಸ್ಮಿ ಬಂದು ಕೂರುತ್ತದೆ.

ಕೊನೆಯದಾಗಿ, ಎಲ್ಲಕ್ಕಿಂತ ದುಬಾರಿಯಾದ ಮಾತು. ಟ್ರಾನ್ಸ್‌ಮಿಟರಿನ ಮೇಲೆ ಬೆರಳಿನಿಂದ ಆಡಿಸುವ ಕಡ್ಡಿಯೇ ಸ್ಟಿಕ್; ‘ಸ್ಟಿಕ್ ಮೇಲೆ ಮಾಡಿ’ ಎಂದು ಎಂದಿಗೂ ಬರೆಯಬೇಡಿ. ಮೂತಿ ಎತ್ತಿಸುವ ‘ಅಪ್ ಎಲಿವೇಟರ್’ ಎಂದರೆ ಸ್ಟಿಕ್ಕನ್ನು ನಮ್ಮ ಕಡೆಗೆ, ಅಂದರೆ ಕೆಳಕ್ಕೆ ಎಳೆಯುವುದು. ಹೊಸಬ ನಿಮ್ಮ ಮಾತು ನಂಬಿ ಸ್ಟಿಕ್ಕನ್ನು ಮೇಲಕ್ಕೆ ತಳ್ಳಿದರೆ ವಿಮಾನ ನೆಟ್ಟಗೆ ನೆಲಕ್ಕೆ. ‘ನಿಮ್ಮ ಕಡೆಗೆ ಎಳೆಯಿರಿ’, ‘ಮುಂದಕ್ಕೆ ತಳ್ಳಿ’ ಎಂದೇ ಬರೆಯಿರಿ. ಎಡ ರೆಕ್ಕೆ, ಬಲ ರೆಕ್ಕೆ ಎನ್ನುವಾಗ ವಿಮಾನದೊಳಗೆ ಕೂತು ಮುಂದೆ ನೋಡುವವನ ಎಡ, ಬಲ ಎಂದೂ ತಿಳಿಸಿ. ವಿಮಾನ ನಮ್ಮತ್ತ ಮುಖ ಮಾಡಿ ಬರುವಾಗ ಇದು ತಿರುಗುಮುರುಗಾಗಿ ಕಾಣುತ್ತದೆ. ಯಾವ ಮೋಡ್, ಅಂದರೆ ಯಾವ ಸ್ಟಿಕ್ಕಿಗೆ ಯಾವ ಕೆಲಸ, ಎಂಬುದನ್ನು ಮೊದಲ ಪುಟದಲ್ಲೇ ಹೇಳಿ: ಮೋಡ್ 2ರಲ್ಲಿ ಎಡಗೈಯಲ್ಲಿ ಥ್ರಾಟಲ್ (ಮೋಟಾರು ಅಥವಾ ಎಂಜಿನ್ನಿನ ವೇಗ) ಮತ್ತು ರಡ್ಡರ್, ಬಲಗೈಯಲ್ಲಿ ಎಲಿವೇಟರ್ ಮತ್ತು ಏಲರಾನ್. ಮೋಡ್ 1ರಲ್ಲಿ ಥ್ರಾಟಲ್ ಬಲಗೈಗೆ, ಎಲಿವೇಟರ್ ಎಡಗೈಗೆ ಬರುತ್ತದೆ. ಲೇಖನ ಸಿದ್ಧವಾದ ಮೇಲೆ ಈ ಸೂಚನೆಗಳಿರುವ ಭಾಗವನ್ನಾದರೂ ಟ್ರಾನ್ಸ್‌ಮಿಟರ್ ಕೈಯಲ್ಲಿ ಹಿಡಿದು ಒಮ್ಮೆ ಗಟ್ಟಿಯಾಗಿ ಓದಿ ನೋಡಿ.