ಓದುಗರ ಪ್ರಶ್ನೆ: ಕಾಡು ಕಡಿದರೆ ಕನ್ನಂಬಾಡಿಗೆ ನೀರು ಹೆಚ್ಚೀತೇ?

ಪ್ರಶ್ನೆ: ನಮ್ಮದು ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಕಬ್ಬು, ಭತ್ತದ ಬೇಸಾಯ. ಮರಗಳು ಅಪಾರ ನೀರು ಕುಡಿಯುತ್ತವೆ ಎನ್ನುತ್ತಾರೆ. ಹಾಗಿದ್ದರೆ ಕೊಡಗಿನ ಕಾಡು ಕಡಿಮೆಯಾದಷ್ಟೂ ಕಟ್ಟೆಗೆ ಹೆಚ್ಚು ನೀರು ಬರಬೇಕಲ್ಲವೇ? ಇನ್ನೊಂದು ಸಂದೇಹ: ಅಷ್ಟು ದಟ್ಟವಾದ ಮಳೆಕಾಡನ್ನು ಬೆಳೆಸಿದ ಮಣ್ಣು, ಕಾಡು ಕಡಿದ ಕೆಲವೇ ವರ್ಷಗಳಲ್ಲಿ ಬರಡಾಗುವುದೇಕೆ?
– ಓದುಗರೊಬ್ಬರು, ಮದ್ದೂರು ತಾಲ್ಲೂಕು

ಉತ್ತರ: ತಮ್ಮ ಎರಡನೆಯ ಸಂದೇಹವನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಉಷ್ಣವಲಯದ ಮಳೆಕಾಡುಗಳ ನೆಲ ಬಹುಪಾಲು ಕಡೆ, ಸಾವಿರಾರು ವರ್ಷಗಳ ಮಳೆಗೆ ತೊಳೆದು ಸಾರ ಕಳೆದುಕೊಂಡ ನೆಲ. ಭಾಗಮಂಡಲದ ಆಚೆಯ ನಿತ್ಯಹರಿದ್ವರ್ಣ ಕಾಡಿನಲ್ಲಿ ಒಂದು ಹಿಡಿ ತರಗೆಲೆಯನ್ನು ಎತ್ತಿ ನೋಡಿದರೆ ಮೇಲಿನದು ಇನ್ನೂ ಎಲೆಯಾಗಿರುತ್ತದೆ. ಅದರಡಿಯದು ನರಗಳಷ್ಟೇ ಉಳಿದ ಜಾಲರಿ. ಅದಕ್ಕೂ ಕೆಳಗೆ ಶಿಲೀಂಧ್ರದ ಬಿಳಿ ಎಳೆಗಳೂ ಕೂದಲಿನಂಥ ಬೇರುಗಳೂ ಹೆಣೆದುಕೊಂಡ ಕಪ್ಪು ಪುಡಿ. ನಮ್ಮ ಹಿರಿಯರು ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಮಳೆಕಾಡಿನ ಹಗೇವು ಇರುವುದು ಮರಗಳ ಮೈಯಲ್ಲಿ. ಬಿದ್ದ ಎಲೆ ಬೇಗನೆ ಕೊಳೆತು, ಅದರ ಸಾರ ಆಳಕ್ಕಿಳಿಯುವ ಮೊದಲೇ ಬೇರುಗಳು ಅದನ್ನು ಹೀರಿ ಮೇಲಕ್ಕೆ ಒಯ್ಯುತ್ತವೆ. ಆದ್ದರಿಂದ ಮರ ಸಾಗಿಸಿದರೆ ಹಗೇವನ್ನೇ ಹೊತ್ತೊಯ್ದಂತಾಗುತ್ತದೆ. ಸುಟ್ಟರೆ, ಬೂದಿಯ ಬಲದಿಂದ ಕೆಲವು ಬೆಳೆ ಬಂದೀತು. ಅಮೆಜಾನಿನಲ್ಲಿ ಕಡಿದ ಕಾಡಿನ ಬಹುಭಾಗ ದನಗಳ ಹುಲ್ಲುಗಾವಲಾಗಿದ್ದು, ಹುಲ್ಲು ಸೊರಗಿದಂತೆಲ್ಲ ಕೊಡಲಿ ಮುಂದಕ್ಕೆ ಸಾಗುತ್ತದೆ.

ಇನ್ನು ನೀರಿನ ಮಾತು. ತಾವು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಕಾಡಿನ ಪರವಾಗಿ ಬರೆಯುವ ನಮ್ಮಂಥವರು ಆ ಅರ್ಧವನ್ನು ಎಷ್ಟೋ ಸಲ ಹೇಳದೆ ಬಿಡುತ್ತೇವೆ. ಕಾಡು ಕಡಿದ ಮೊದಲ ಕೆಲವು ವರ್ಷ ಹೊಳೆಯ ಒಟ್ಟು ಹರಿವು ಹೆಚ್ಚುವುದೇ ಸಾಮಾನ್ಯ. ಅಮೆಜಾನಿನ ಮಳೆಯಲ್ಲಿ ದೊಡ್ಡ ಪಾಲು ಕಾಡೇ ಉಸಿರಾಡಿದ ತೇವದಿಂದ ಮರಳಿ ಬರುವಂಥದ್ದು ನಿಜ. ಆದರೆ ಕೊಡಗಿನ ಮುಂಗಾರನ್ನು ತರುವುದು ಅರಬ್ಬೀ ಸಮುದ್ರದಿಂದ ಬಂದು ಘಟ್ಟಕ್ಕೆ ತಾಗಿ ಮೇಲೇರುವ ಗಾಳಿ. ಕಾಡು ಹೋದ ಮಾತ್ರಕ್ಕೆ ಆ ಮಳೆ ನಿಂತುಬಿಡದು.

ಬದಲಾಗುವುದು, ಆ ನೀರು ಇಳಿದು ಬರುವ ಹೊತ್ತು. ಕಾಡಿನಲ್ಲಿ ಹನಿ ಎಲೆಗೆ ಬಡಿದು, ತರಗಿನಲ್ಲಿ ಇಂಗಿ, ಬೇರು ಕೊರೆದ ದಾರಿಯಲ್ಲಿ ಇಳಿದು, ಮಾಘದ ಹೊತ್ತಿಗೂ ಒರತೆಯಾಗಿ ಜಿನುಗುತ್ತಿರುತ್ತದೆ. ಬೋಳು ಇಳಿಜಾರಿನಲ್ಲಿ ಅದೇ ಮಳೆ ಮಣ್ಣನ್ನೂ ಹೊತ್ತು ಒಂದೆರಡು ದಿನದಲ್ಲೇ ಹೊಳೆ ಸೇರುತ್ತದೆ. ಕನ್ನಂಬಾಡಿಯ ಪೂರ್ಣ ಮಟ್ಟ 124.80 ಅಡಿ, ಕಟ್ಟೆ ತುಂಬಿದ ಮೇಲೆ ನುಗ್ಗಿದ ನೀರನ್ನು ಗೇಟು ತೆರೆದು ಬಿಡಲೇಬೇಕು. ರಂಗನತಿಟ್ಟಿನ ನಡುಗಡ್ಡೆಗಳನ್ನು ಮುಳುಗಿಸಿ ಹೋಗುವ ಆ ನೀರು ತಮ್ಮ ಬೇಸಿಗೆಯ ಕಬ್ಬಿಗೆ ಬರುವುದಿಲ್ಲ. ಅದು ತಂದ ಹೂಳು ಮಾತ್ರ ಕಟ್ಟೆಯ ತಳದಲ್ಲಿ ಉಳಿಯುತ್ತದೆ.

ಪ್ರಶ್ನೆ: ಕಾಫಿ ತೋಟಗಳಲ್ಲೂ ಎತ್ತರದ ಮರಗಳಿವೆ. ಅವನ್ನೂ ಕಾಡೆಂದೇ ಎಣಿಸಬಾರದೇಕೆ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಯಾವ ಮರಗಳೆಂಬುದನ್ನು ನೋಡಬೇಕು. ಕಾಡಿನ ಹಳೆಯ ಮರಗಳನ್ನೇ ನೆರಳಿಗೆ ಉಳಿಸಿಕೊಂಡ ತೋಟ ಕಾಡಿಗೆ ಹತ್ತಿರದ ನೆಂಟ. ಆದರೆ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ ಎಂದು ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕನ್ನೇ ಸಾಲಾಗಿ ನೆಟ್ಟ ತೋಟಗಳೂ ಬೇಕಾದಷ್ಟಿವೆ. ಮಂಗಟ್ಟೆ ಹಕ್ಕಿಯನ್ನು ಗಮನಿಸಿ: ಹೆಣ್ಣು ಹೆಮ್ಮರವೊಂದರ ಪೊಟರೆಯೊಳಗೆ ಸೇರಿ, ಬಾಗಿಲನ್ನು ತನ್ನ ಹಿಕ್ಕೆಯಿಂದಲೇ ಮೆತ್ತಿಕೊಂಡು, ಒಂದು ಸೀಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಗಂಡು ವಾರಗಟ್ಟಲೆ ಅತ್ತಿ, ರಾಮಪತ್ರೆ ಮೊದಲಾದ ಹಣ್ಣುಗಳನ್ನು ತಂದು ಆ ಸೀಳಿನೊಳಗೆ ಉಣಿಸುತ್ತದೆ, ಬೀಜಗಳನ್ನು ದೂರ ದೂರ ಉದುರಿಸಿ ಕಾಡನ್ನೂ ನೆಡುತ್ತದೆ. ನೆಟ್ಟಗೆ ಬೆಳೆದು ನಾಟಾಕ್ಕೆ ಹೋಗುವ ಸಿಲ್ವರ್ ಓಕಿನಲ್ಲಿ ಅದಕ್ಕೆ ಪೊಟರೆಯೂ ಇಲ್ಲ, ಹಣ್ಣೂ ಇಲ್ಲ.