ಬಣ್ಣ ಬಳಿಯುವ ಮೊದಲು ಗೋಡೆ ಒಣಗಲಿ

ಪ್ರಶ್ನೆ: ವಿರಾಜಪೇಟೆ ಬಳಿ ನಮ್ಮ ತಂದೆಯವರು ಕಟ್ಟಿಸಿದ ಹೆಂಚಿನ ಮನೆಯಿದೆ. ತಾಯಿಯವರು ನಮ್ಮೊಡನೆ ಮೈಸೂರಿಗೆ ಬಂದ ಮೇಲೆ ಮನೆಗೆ ಬೀಗ ಹಾಕಿದ್ದೆವು. ಈ ಮಳೆಗಾಲ ಮುಗಿಯುತ್ತಲೇ ಮಾರಬೇಕೆಂದಿದ್ದೇವೆ. ಒಳಗೋಡೆಗಳಿಗೆ ಬೂಷ್ಟು ಹಿಡಿದಿದೆ. ಕೂಡಲೇ ಬಣ್ಣ ಹೊಡೆಸಿ, ಹಳೆಯ ಸಾಮಾನನ್ನೆಲ್ಲ ಖಾಲಿ ಮಾಡಿ, ಹೊಸ ಸೋಫಾ ಬಾಡಿಗೆಗೆ ತಂದಿರಿಸಿ ಎಂದು ದಲ್ಲಾಳಿ ಹೇಳುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ಖಾಲಿ ಮಾಡುವ ಮಾತನ್ನು ಅರ್ಧದಷ್ಟು ಒಪ್ಪುತ್ತೇನೆ, ಬಣ್ಣದ ಅವಸರವನ್ನು ಒಪ್ಪಲಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆದ ಗೋಡೆಗೆ ಅಕ್ಟೋಬರಿನಲ್ಲೇ ಎಮಲ್ಷನ್ ಬಳಿದರೆ ತೇವ ಒಳಗೇ ಉಳಿದು, ಕೊಳ್ಳುವವರು ಬರುವ ಹೊತ್ತಿಗೆ ಬಣ್ಣ ಗುಳ್ಳೆಯೆದ್ದು ಸುಲಿದು ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಳೆಯ ಮನೆಯಲ್ಲಿ ಹೊಸ ಬಣ್ಣದ ವಾಸನೆ ಬಂದೊಡನೆ ಅದರಡಿ ಏನನ್ನು ಮುಚ್ಚಿದ್ದಾರೆ ಎಂಬ ಸಂಶಯ ನೋಡಲು ಬಂದವರಿಗೆ ಹುಟ್ಟುತ್ತದೆ.

ಮೊದಲು ತೇವ ಎಲ್ಲಿಂದ ಬರುತ್ತಿದೆ ಎಂದು ತಿಳಿಯಬೇಕು. ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಹೊರಮೈಯಲ್ಲಿ ಹನಿ ಕಂಡರೆ ಅದು ಮುಚ್ಚಿದ ಮನೆಯ ಗಾಳಿಯ ತೇವ. ಕಿಟಕಿ ಬಾಗಿಲು ತೆರೆದಿಟ್ಟರೆ ಬಹುಮಟ್ಟಿಗೆ ಹೋಗುತ್ತದೆ. ಗೋಡೆಯ ಕಡೆಗೆ ಹನಿಗಟ್ಟಿದ್ದರೆ ನೀರು ಗೋಡೆಯೊಳಗಿನಿಂದಲೇ ಬರುತ್ತಿದೆ ಎಂದರ್ಥ. ಆಗ ಜರುಗಿದ ಹೆಂಚು, ತರಗೆಲೆ ತುಂಬಿದ ದಂಬೆ (ಸೂರಿನ ಮಳೆನೀರು ಹರಿಯುವ ಕೊಳವೆ), ಅಡಿಪಾಯಕ್ಕೆ ಒತ್ತಿಕೊಂಡು ಏರಿದ ಮಣ್ಣು, ಈ ಮೂರನ್ನೂ ಸರಿಪಡಿಸದೆ ಬಣ್ಣದವರನ್ನು ಕರೆಯಬೇಡಿ. ಹೆಂಚಿನ ಪಾಚಿಯನ್ನು ಒಣಗಿದ ಮೇಲೆ ಬ್ರಷ್‌ನಿಂದ ಉಜ್ಜಿಸಿ. ರಭಸದ ನೀರು ಹಾಯಿಸಿದರೆ ಹೆಂಚುಗಳು ಜರುಗಿ ಮತ್ತೆ ಸೋರುತ್ತವೆ.

ಕಡಿಮೆ ಖರ್ಚಿನಲ್ಲಿ ಹೆಚ್ಚು ಬದಲಾವಣೆ ತರುವುದು ಬೆಳಕು. ಮಸಿ ಹಿಡಿದ ಗಾಜಿನ ಹೆಂಚನ್ನು ತೊಳೆಸಿ ಅಥವಾ ಬದಲಿಸಿ, ಕಿಟಕಿಯ ಮುಂದಿನ ಕೊಂಬೆಗಳನ್ನು ಸವರಿಸಿದರೆ ಕತ್ತಲ ನಡುಮನೆಯೇ ದೊಡ್ಡದಾಗಿ ಕಾಣುತ್ತದೆ. ಕೆಂಪು ಕಾವಿನೆಲವಿದ್ದರೆ ಅದರ ಮೇಲೆ ಟೈಲ್ಸ್ ಹಾಕಿಸಬೇಡಿ. ಅದನ್ನು ಹುಡುಕಿಕೊಂಡು ಬರುವವರೂ ಇದ್ದಾರೆ.

ಬಾಡಿಗೆ ಸೋಫಾ ಬೇಡ. ಬೀಟೆ ಮರದ ಕುರ್ಚಿ, ಮೇಜುಗಳಲ್ಲಿ ಗಟ್ಟಿಯಾಗಿರುವ ನಾಲ್ಕೈದನ್ನು ಒರೆಸಿ ಇಟ್ಟುಕೊಂಡು, ಉಳಿದವನ್ನೂ ಹಳೆಯ ಹಾಸಿಗೆ, ಟ್ರಂಕುಗಳನ್ನೂ ಸಾಗಿಸಿ. ಕುಟುಂಬದ ಫೋಟೋಗಳನ್ನು ತೆಗೆದಿಡಿ, ತೂಗುದೀಪವಿದ್ದರೆ ಇರಲಿ. ಆದರೆ ಅದು ಮಾರಾಟಕ್ಕಿಲ್ಲವಾದರೆ ಮೊದಲೇ ಹೇಳಿಬಿಡಿ. ಮನೆಯಲ್ಲಿ ಕೋವಿಯಿದ್ದರೆ, ಅಪರಿಚಿತರು ಓಡಾಡುವ ದಿನಗಳಲ್ಲಿ ಅದು ಗೋಡೆಯ ಮೇಲಿರುವುದು ಸರಿಯಲ್ಲ.

2018ರ ಆಗಸ್ಟ್‌ನ ಭೂಕುಸಿತಗಳ ನಂತರ ಕೊಡಗಿನಲ್ಲಿ ಕೊಳ್ಳುವವರು ಮನೆಯ ಹಿಂದಿನ ಬರೆಯನ್ನೂ, ಅಂದರೆ ಕಡಿದಾದ ಮಣ್ಣಿನ ದಿಬ್ಬವನ್ನೂ, ನೋಡುತ್ತಾರೆ. ತಡೆಗೋಡೆಯಿದ್ದರೆ ನೀರು ಹೊರಹೋಗಲು ಬಿಟ್ಟ ತೂತುಗಳಲ್ಲಿ ಕಟ್ಟಿಕೊಂಡ ಮಣ್ಣು ಬಿಡಿಸಿ, ಮೇಲಿನ ಚರಂಡಿಯನ್ನು ತೆರೆಸಿ. ಬಿರುಕು ಕಂಡರೆ ಗಾರೆ ಮೆತ್ತಿಸದೆ ಎಂಜಿನಿಯರಿಗೆ ತೋರಿಸಿ, ಅವರ ಬರಹದ ಅಭಿಪ್ರಾಯವನ್ನು ಕಾಗದಪತ್ರಗಳೊಡನೆ ಇಟ್ಟುಕೊಳ್ಳಿ. ಆ ಪತ್ರಗಳಲ್ಲಿ ಋಣಭಾರ ಪ್ರಮಾಣಪತ್ರ, ತೆರಿಗೆ ರಸೀದಿ, ಖಾತೆ ಇರಲೇಬೇಕು. ಜಾಗ ಜಮ್ಮಾ ಹಿಡುವಳಿಗೆ (ಕೊಡಗಿನಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಭೂಮಿ) ಸೇರಿದ್ದಾದರೆ, ಪಹಣಿಯಲ್ಲಿ ಯಾರ ಯಾರ ಹೆಸರುಗಳಿವೆ ಎಂಬುದನ್ನು ಸ್ಥಳೀಯ ವಕೀಲರಿಂದ ಪರಿಶೀಲಿಸಿಕೊಳ್ಳುವವರೆಗೂ ಮುಂಗಡ ಪಡೆಯಬೇಡಿ; ಪಾಲುದಾರರೊಬ್ಬರ ತಕರಾರು ಬಂದರೆ ಚಂದದ ಮನೆಯೂ ಮಾರಾಟವಾಗದೆ ನಿಲ್ಲುತ್ತದೆ.

ದುರಸ್ತಿಯನ್ನು ಅಕ್ಟೋಬರ್, ನವೆಂಬರ್‌ನಲ್ಲಿ ಮುಗಿಸಿ, ಬಣ್ಣವನ್ನು ಡಿಸೆಂಬರ್‌ನಲ್ಲಿ ಹೊಡೆಸಿ, ಜನವರಿಯಿಂದ ಮನೆ ತೋರಿಸಿ. ಮಂಜು ಕರಗಿದ ಮೇಲೆ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರೊಳಗೆ ಬರಲು ಹೇಳಿ. ಮಾರ್ಚ್‌ವರೆಗೂ ಮಾರಾಟವಾಗದಿದ್ದರೆ ಚಿಂತಿಸಬೇಡಿ. ಬೇಸಿಗೆಯಲ್ಲೂ ನಿಮ್ಮ ಬಾವಿಯಲ್ಲಿ ನೀರಿದ್ದರೆ, ಹಗ್ಗ ಇಳಿಬಿಟ್ಟು ಅದನ್ನು ತೋರಿಸಿಯೇ ಬೆಲೆಯ ಮಾತು ಆರಂಭಿಸಬಹುದು.