ಓದುಗರ ಪ್ರಶ್ನೆ, ವೈದ್ಯರ ಉತ್ತರ: ಹಾರ್ನ್ ಕೇಳಿದರೆ ಬೆಚ್ಚಿಬೀಳುತ್ತಾರೆ

ಪ್ರಶ್ನೆ: ನಮ್ಮ ಯಜಮಾನರು ಲಾರಿ ಡ್ರೈವರ್. ಐದು ತಿಂಗಳ ಹಿಂದೆ ಹೆದ್ದಾರಿಯಲ್ಲಿ ಅಪಘಾತವಾಗಿ, ಪಕ್ಕದಲ್ಲೇ ಕೂತಿದ್ದ ಕ್ಲೀನರ್ ಹುಡುಗ ತೀರಿಕೊಂಡ. ಇವರ ಮುರಿದ ಕೈ ಕೂಡಿತು. ಆದರೆ ಹಾರ್ನ್ ಕೇಳಿದರೆ ಬೆಚ್ಚಿಬೀಳುತ್ತಾರೆ, ರಾತ್ರಿ ಕೂಗಿಕೊಂಡು ಏಳುತ್ತಾರೆ, ಲಾರಿಯ ಹತ್ತಿರ ಸುಳಿಯುವುದಿಲ್ಲ. ‘ನನ್ನಿಂದಲೇ ಸತ್ತ’ ಅನ್ನುತ್ತಾರೆ. ಮೆಡಿಕಲ್ ಶಾಪಿನಿಂದ ನಿದ್ದೆ ಗುಳಿಗೆ ತರುತ್ತಾರೆ, ಕುಡಿತವೂ ಹತ್ತಿದೆ. ಅತ್ತೆ ಅಂತ್ರ ಕಟ್ಟಿಸಿದರು. ಭಾವನವರು ‘ಗಂಡಸಾಗಿ ಹೆದರ್ತೀಯಾ, ಮರೆತುಬಿಡು’ ಅಂತಾರೆ. ಏನು ಮಾಡಲಿ?
– ಓದುಗರು, ಹಿರಿಯೂರು ತಾಲ್ಲೂಕು

ಉತ್ತರ: ಇದು ಆಘಾತದ ನಂತರ ಬರುವ ಪಿಟಿಎಸ್‌ಡಿ ಕಾಯಿಲೆಯಂತೆ ಕಾಣುತ್ತದೆ. ಖಚಿತವಾಗಿ ಹೇಳಬೇಕಾದವರು ಅವರನ್ನು ಎದುರು ಕೂರಿಸಿಕೊಂಡು ಮಾತಾಡಿಸುವ ಮನೋವೈದ್ಯರು. ಘಟನೆ ಮತ್ತೆ ಮತ್ತೆ ಕಣ್ಣಿಗೆ ಕಟ್ಟುವುದು, ಅದನ್ನು ನೆನಪಿಸುವ ಎಲ್ಲದರಿಂದ ದೂರ ಸರಿಯುವುದು, ತನ್ನನ್ನೇ ದೂಷಿಸಿಕೊಳ್ಳುವುದು, ಸಣ್ಣ ಸದ್ದಿಗೂ ಬೆಚ್ಚುವುದು – ಈ ನಾಲ್ಕೂ ಒಂದು ತಿಂಗಳು ದಾಟಿದರೂ ಬಿಡದೆ ಬದುಕು ಕೆಡಿಸಿದರೆ ಅದಕ್ಕೆ ಈ ಹೆಸರು. ಇದರಲ್ಲಿ ಹೇಡಿತನದ ಪ್ರಶ್ನೆಯೇ ಇಲ್ಲ.

‘ಮರೆತುಬಿಡು’ ಅನ್ನುವ ಮಾತು ಏಕೆ ಫಲಿಸುವುದಿಲ್ಲ? ಲಾರಿಯಿಂದ ದೂರ ನಿಂತಾಗಲೆಲ್ಲ ಅವರಿಗೆ ಆ ಗಳಿಗೆ ಹಾಯೆನಿಸುತ್ತದೆ. ‘ದೂರ ಇದ್ದದ್ದಕ್ಕೇ ಉಳಿದೆ’ ಎಂದು ಮಿದುಳು ಕಲಿತುಕೊಳ್ಳುತ್ತದೆ, ಭಯ ಇನ್ನಷ್ಟು ಬೇರು ಬಿಡುತ್ತದೆ. ಅದಕ್ಕೇ ಒಳ್ಳೆಯ ಚಿಕಿತ್ಸೆ ನೆನಪಿನ ಕಡೆಗೇ ನಡೆಸಿಕೊಂಡು ಹೋಗುತ್ತದೆ. ವಾರಕ್ಕೊಮ್ಮೆ 60ರಿಂದ 90 ನಿಮಿಷ, ಸಾಮಾನ್ಯವಾಗಿ 8ರಿಂದ 15 ಭೇಟಿ. ಅಲ್ಲಿ ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಸುತ್ತಾರೆ. ಜೊತೆಗೆ ಭಯಕ್ಕೆ ಸೊನ್ನೆಯಿಂದ ನೂರರವರೆಗೆ ಅಂಕ ಕೊಡಿಸಿ ಮೆಟ್ಟಿಲು ಕಟ್ಟುತ್ತಾರೆ: ನಿಂತ ಲಾರಿಯ ಪಕ್ಕ ನಿಲ್ಲುವುದು, ಇಂಜಿನ್ ಆಫ್ ಇದ್ದಾಗ ಒಳಗೆ ಕೂರುವುದು, ಆನ್ ಮಾಡಿ ಕೂರುವುದು, ಬೇರೆಯವರು ಓಡಿಸುವಾಗ ಊರ ರಸ್ತೆಯಲ್ಲಿ ಹೋಗುವುದು, ಸರ್ವೀಸ್ ರಸ್ತೆ, ಕೊನೆಗೆ ಹೆದ್ದಾರಿ. ಪ್ರತಿ ಮೆಟ್ಟಿಲಿನಲ್ಲೂ ಭಯ ಸುಮಾರು ಅರ್ಧಕ್ಕೆ ಇಳಿಯುವವರೆಗೆ ಇರಬೇಕು. ಎದೆ ಧಡಧಡ ಅನ್ನುವಾಗಲೇ ಇಳಿದು ಓಡಿದರೆ ಭಯವೇ ಗೆಲ್ಲುತ್ತದೆ. ಹಾಗೆಂದು ಮನೆಯವರೇ ಒಂದು ದಿನ ಎಳೆದುಕೊಂಡು ಹೋಗಿ ಸ್ಟೇರಿಂಗ್ ಹಿಂದೆ ಕೂರಿಸಬೇಡಿ. ಮೆಟ್ಟಿಲು ಯಾವುದು, ಯಾವಾಗ ಎಂಬುದು ಅವರ ಮತ್ತು ಚಿಕಿತ್ಸಕರ ತೀರ್ಮಾನ.

ಔಷಧಿಯಲ್ಲಿ ಹೆಚ್ಚು ಕೊಡುವುದು ಸರ್ಟ್ರಾಲಿನ್‌ನಂಥವು. ಚಿಕ್ಕ ಡೋಸಿನಿಂದ ಶುರು ಮಾಡಿ ಏರಿಸುತ್ತಾರೆ. ಮೊದಲ ಎರಡು ವಾರ ಹೊಟ್ಟೆ ತೊಳಸು, ತಲೆನೋವು, ಚಡಪಡಿಕೆ ಇರಬಹುದು. ಗುಣ ಕಾಣಲು 4ರಿಂದ 6 ವಾರ ಬೇಕು. ಹತ್ತೇ ದಿನಕ್ಕೆ ‘ಇದು ನಾಟಲಿಲ್ಲ’ ಎಂದು ಬಿಡುವವರೂ ಇದ್ದಾರೆ, ನೀವು ಹಾಗೆ ಮಾಡಬೇಡಿ. ಗುಣವಾದ ಮೇಲೂ ಎಷ್ಟೋ ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಅಲ್ಪ್ರಾಜೋಲಾಮ್‌ನಂಥ ನಿದ್ದೆ ಗುಳಿಗೆ ಈ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಚಟವಾಗುತ್ತದೆ, ಮದ್ಯದ ಜೊತೆ ಸೇರಿದರೆ ಉಸಿರಾಟವನ್ನೇ ಕುಂದಿಸಬಹುದು. ದಿನವೂ ನುಂಗುತ್ತಿದ್ದರೆ ಒಮ್ಮೆಗೇ ನಿಲ್ಲಿಸುವುದೂ ಅಪಾಯ, ಫಿಟ್ಸ್ ಬರಬಹುದು. ಗುಳಿಗೆಯ ಹಾಳೆಯನ್ನೇ ವೈದ್ಯರಿಗೆ ತೋರಿಸಿ, ಕುಡಿತವನ್ನೂ ಮುಚ್ಚಿಡಬೇಡಿ.

ಮನೆಯ ಪಾಲು ಚಿಕ್ಕದಲ್ಲ. ಆಘಾತದ ನಂತರ ಜೊತೆಗೆ ನಿಲ್ಲುವವರು ಇಲ್ಲದಿರುವುದು ಈ ಕಾಯಿಲೆ ಗಟ್ಟಿಯಾಗಲು ಬಲವಾದ ಕಾರಣಗಳಲ್ಲೊಂದು. ರಾತ್ರಿ ಕೂಗಿ ಎದ್ದಾಗ ಹಿಡಿದು ಅಲುಗಾಡಿಸಬೇಡಿ, ದಿಗಿಲಿನಲ್ಲಿ ಕೈ ಬೀಸಿಯಾರು. ಲೈಟ್ ಹಾಕಿ, ಎರಡು ಹೆಜ್ಜೆ ದೂರದಿಂದ ‘ನಾನು ಇಲ್ಲೇ ಇದ್ದೀನಿ, ಇದು ನಮ್ಮ ಮನೆ, ಈಗ ಎರಡು ಗಂಟೆ’ ಅನ್ನಿ. ಪಾದ ತಣ್ಣನೆಯ ನೆಲಕ್ಕೆ ತಾಗಲಿ, ನೀರು ಕೊಡಿ. ‘ನನ್ನಿಂದಲೇ ಸತ್ತ’ ಅಂದಾಗ ತಕ್ಷಣ ‘ನಿಮ್ಮ ತಪ್ಪಿಲ್ಲ ಬಿಡಿ’ ಅಂದರೆ ಮಾತು ಅಲ್ಲೇ ನಿಲ್ಲುತ್ತದೆ, ಪೂರ್ತಿ ಕೇಳಿಸಿಕೊಳ್ಳಿ. ಅಂತ್ರದಿಂದ ಅತ್ತೆಗೆ ಧೈರ್ಯ ಬರುವುದಾದರೆ ಇರಲಿ, ಅದಕ್ಕಾಗಿ ಜಗಳ ಬೇಡ, ಆಸ್ಪತ್ರೆ ಮಾತ್ರ ತಪ್ಪಬಾರದು. ಅಪಘಾತದ ಕೇಸು ಕೋರ್ಟಿನಲ್ಲಿದ್ದರೆ, ತಾರೀಖು ಹತ್ತಿರ ಬಂದಾಗ ಎಲ್ಲ ಮತ್ತೆ ಕೆದಕುವುದು ಸಹಜ. ಆ ದಿನ ಭಾವನವರು ಬುದ್ಧಿ ಹೇಳುವ ಬದಲು ಜೊತೆಗೆ ಹೋಗಲಿ.

ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ‘ಬದುಕಿ ಏನು ಪ್ರಯೋಜನ’ ಅನ್ನುವ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಇದ್ದರೆ ಅಂದೇ ಬೇರೆಡೆ ಸಾಗಿಸಿ, ಅಂದೇ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ನನ್ನ ತಮ್ಮ ಕೆಲಸ ಮಾಡುವ ಗೋದಾಮಿಗೆ ಬೆಂಕಿ ಬಿದ್ದು ಹನ್ನೆರಡು ದಿನವಾಯಿತು. ನಿದ್ದೆ ಇಲ್ಲ, ಹೊಗೆ ವಾಸನೆಗೆ ಬೆವರುತ್ತಾನೆ. ಎಲ್ಲವನ್ನೂ ಬಾಯಿಬಿಡಿಸಿದರೆ ಹಗುರಾಗುತ್ತಾನಾ?
– ಓದುಗರು, ದಾವಣಗೆರೆ

ಉತ್ತರ: ಬಾಯಿಬಿಡಿಸಬೇಡಿ. ಹನ್ನೆರಡು ದಿನಕ್ಕೆ ಪಿಟಿಎಸ್‌ಡಿ ಎನ್ನಲಾಗದು. ಹೆಚ್ಚಿನವರು ವಾರಗಳಲ್ಲಿ ತಾವೇ ಚೇತರಿಸಿಕೊಳ್ಳುತ್ತಾರೆ. ಈ ಹಂತದಲ್ಲಿ ಒತ್ತಾಯದಿಂದ ಒಂದೇ ಸಲ ಎಲ್ಲ ಹೇಳಿಸುವುದರಿಂದ ಲಾಭವಿಲ್ಲ, ಕೆಲವರಿಗೆ ಹಾನಿಯೂ ಆಗುತ್ತದೆ. ತಾನಾಗಿ ಹೇಳಿದರೆ ಕೇಳಿ. ಹೊತ್ತಿಗೆ ಊಟ, ಸಂಜೆ ಜೊತೆಗೆ ಒಂದು ಸುತ್ತು ನಡಿಗೆ, ಬೆಂಕಿಯ ವಿಡಿಯೊ ಮತ್ತೆ ಮತ್ತೆ ನೋಡದಂತೆ ಎಚ್ಚರ. ತಿಂಗಳಾದರೂ ಇಳಿಯದಿದ್ದರೆ, ಅಥವಾ ಅದಕ್ಕೂ ಮೊದಲೇ ಊಟ ಬಿಟ್ಟು ಮಾತು ಬಿಟ್ಟು ಕೂತರೆ, ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಿ.